ತೂಬಿನ ಸಾಹೇಬರು

ಹೋದ ತಿಂಗಳು ಮಲೆಬೆನ್ನೂರಿನಿಂದ ಸಾವಿನ ಕಾರ್ಡು ಬಂತು, ಶಿವಗಣಾರಾಧನೆಯದು. ಮೂಲೆಯಲ್ಲಿ ಅಂಚೆಚೀಟಿಯಷ್ಟು ಫೋಟೊ. ಕೊರಳಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡ ಅಂಗಿ. ಮುಖ ನೋಡುವ ಮೊದಲೇ ಆ ಗುಂಡಿಯಿಂದ ಗುರುತು ಹಿಡಿದೆ. ನನ್ನ ಹೆಂಡತಿ ಒಳಗಿನಿಂದ "ಯಾರ್ದ್ರಿ ಕಾರ್ಡು?" ಎಂದಳು. "ಹಳೇ ಆಫೀಸಿನೋರ್ದು" ಎಂದು ಅದನ್ನು ದಿಂಬಿನ ಕೆಳಗೆ ತುರುಕಿದೆ. ಎಪ್ಪತ್ತು ದಾಟಿದ ಮುದುಕ, ಕಾಲೇಜು ಹುಡುಗ ಪ್ರೇಮಪತ್ರ ಬಚ್ಚಿಟ್ಟ ಹಾಗೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಇದನ್ನು ಬರೆದು ಮೊದಲ ಪ್ರತಿಯನ್ನು ಅವರ ಮಗಳಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಹೆಸರು ಹಾಕಬೇಕೋ ಬೇಡವೋ ಆಕೆ ಹೇಳಬೇಕು. ಉತ್ತರ ಇನ್ನೂ ಬಂದಿಲ್ಲ. ಬರಲೇಬೇಕೆಂದೇನೂ ಇಲ್ಲ.

ಹರಿಹರದ ಒಂದು ಕಾರ್ಖಾನೆಯಲ್ಲಿ ನಾನು ಇಪ್ಪತ್ತೆರಡು ವರ್ಷ ಟೈಪಿಸ್ಟ್ ಆಗಿದ್ದೆ. ಎಸ್ಸೆಸ್ಸೆಲ್ಸಿ, ಮೇಲೆ ಇಂಗ್ಲಿಷ್ ಸೀನಿಯರ್ ಟೈಪಿಂಗು. ದಾವಣಗೆರೆಯ ಸರಸ್ವತಿ ನಗರದಿಂದ ಕಂಪನಿ ಬಸ್ಸಿನಲ್ಲಿ ಹೋಗಿ ಬರುವುದು. ನಾವು ಅಲ್ಲಿ ತಯಾರಿಸುತ್ತಿದ್ದದ್ದು ಗೇರ್ ಡಬ್ಬಿಗಳನ್ನು. ತೊಂಬತ್ತರ ದಶಕದ ಕೊನೆಗೆ ಕಂಪನಿಗೆ ಕಂಪ್ಯೂಟರ್ ಹುಚ್ಚು ಹಿಡಿಯಿತು. ನಮ್ಮ ಟೈಪ್‌ರೈಟರುಗಳು ಗುಜರಿ ಶೆಡ್ಡಿಗೆ ಹೋದವು. ನಮ್ಮ ಮುಂದೆ ಹಸಿರು ಅಕ್ಷರದ ಪರದೆಗಳು ಬಂದು ಕುಳಿತವು. ಈಗಿನಂತೆ ಮೇಜಿಗೊಂದು ಕಂಪ್ಯೂಟರ್ ಅಲ್ಲ. ಮೆದುಳು ಒಂದೇ, ಅದು ಗಾಜಿನ ಕೋಣೆಯೊಳಗೆ ಏಸಿಯಲ್ಲಿ ತಣ್ಣಗೆ ಕುಳಿತಿರುತ್ತಿತ್ತು. ಯುನಿಕ್ಸ್ ಎಂಬ ವ್ಯವಸ್ಥೆಯ ಯಂತ್ರ. ಅದಕ್ಕೆ ತಂತಿ ಎಳೆದು ಹನ್ನೆರಡು ಪರದೆ, ಹನ್ನೆರಡು ಕೀಬೋರ್ಡು. ಹನ್ನೊಂದು ನಮ್ಮ ಟೈಪಿಂಗ್ ಹಾಲಿನಲ್ಲಿ. ಹನ್ನೆರಡನೆಯದು ಅಂಗಳದ ಆ ತುದಿಗಿದ್ದ ಡಿಸ್ಪ್ಯಾಚ್ ಶೆಡ್ಡಿನಲ್ಲಿ, ಗಿರಿಜಮ್ಮ ಎಂಬ ಹೆಂಗಸಿನ ಮುಂದೆ. ಲಾರಿ ಹೊರಗೆ ಹೋಗಬೇಕಾದರೆ ಆಕೆ ಗೇಟ್ ಪಾಸು ತೆಗೆದುಕೊಡಬೇಕು.

ಆ ಯಂತ್ರವನ್ನು ನೋಡಿಕೊಳ್ಳಲು ಬಂದವರು ಇವರು. ಮೂವತ್ತೊಂದೋ ಎರಡೋ ವಯಸ್ಸು. ಒಂದು ವರ್ಷ ಪ್ರೊಬೇಷನ್, ಆಮೇಲೆ ಕಾಯಂ ಮಾಡುತ್ತೇವೆ ಎಂದು ಕಾಗದ ಕೊಟ್ಟಿದ್ದರು. ಹರಿಹರದ ಹಳೇ ಸೇತುವೆಯ ಬಳಿ ಒಂದು ಕೋಣೆ ಮಾಡಿಕೊಂಡಿದ್ದರು. ಹೊಸದಾಗಿ ಮದುವೆಯಾಗಿತ್ತು; ಕಾಯಂ ಆದ ಮೇಲೆ ಹೆಂಡತಿಯನ್ನು ಕರೆತರುವ ಯೋಚನೆ. ಇದನ್ನು ಅವರೇನೂ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ಹಾಲಿನಲ್ಲಿ ಬೇರೆಯವರ ಮನೆ ವಿಚಾರ ಗೊತ್ತಾಗಲು ಯಾರೂ ಹೇಳಬೇಕಾಗಿರಲಿಲ್ಲ.

ನನಗೆ ಆಗ ಐವತ್ತು. ಆ ಹಾಲಿನ ಹಿರಿಯ ನಾನು. ನನ್ನ ತಲೆಯ ಮೇಲೆ ಈ ಹುಡುಗು ಮುಖದವನೊಬ್ಬನನ್ನು ತಂದು ಕೂರಿಸಿದರಲ್ಲ ಎಂದು ಮೊದಲ ದಿನವೇ ಹೊಟ್ಟೆ ಉರಿದುಕೊಂಡೆ. ತಪ್ಪೊಪ್ಪಿಗೆ ಬರೆಯುವವನು ಇಲ್ಲಿಂದಲೇ ಶುರು ಮಾಡಬೇಕು. ಮುಂದಿನದಕ್ಕೆಲ್ಲ ನಾನು ಬೇರೆ ಬೇರೆ ಕಾರಣ ಹೇಳಿಕೊಂಡು ತಿರುಗಿದೆ. ಇದ್ದದ್ದು ಈ ಒಂದೇ.

ನಮ್ಮ ಹಾಲಿಗೊಂದು ಪದ್ಧತಿ ಇತ್ತು. ನಾಲ್ಕು ಗಂಟೆಗೆ ಮಂಡಕ್ಕಿ ಮಿರ್ಚಿ. ಗೇಟಿನಾಚೆಯ ಗಾಡಿಯ ಮುಂದೆ ಅರ್ಧ ಗಂಟೆ ನಿಲ್ಲದಿದ್ದರೆ ನಮಗೆ ದಿನ ಮುಗಿದ ಹಾಗೆ ಅನಿಸುತ್ತಿರಲಿಲ್ಲ. ಹೊರಡುವ ಮುಂಚೆ ಪ್ರತಿಯೊಬ್ಬರೂ ತಮ್ಮ ಅತಿ ದೊಡ್ಡ ಪಟ್ಟಿ ತೆಗೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಏಳುತ್ತಿದ್ದೆವು. ಬರುವಷ್ಟರಲ್ಲಿ ಆಗಿರಲಿ ಎಂದು. ಹನ್ನೊಂದು ಜನ, ಹನ್ನೊಂದು ದೊಡ್ಡ ಪಟ್ಟಿ, ಒಂದೇ ಗಳಿಗೆ. ಪರದೆ ಅಲುಗಾಡದಿದ್ದರೆ ಅದೇ ಕೆಲಸವನ್ನು ಇನ್ನೊಮ್ಮೆ ಕೊಡುವುದು. ಕಂಡಕ್ಟರನು ಮತ್ತೆ ಮತ್ತೆ ಗಂಟೆ ಎಳೆದ ಹಾಗೆ. ಅದಕ್ಕೂ ಬಗ್ಗದಿದ್ದರೆ ಪರದೆಯ ಸ್ವಿಚ್ಚು ಆರಿಸಿ, ಹಾಕಿ, ಹೊಸದಾಗಿ ಒಳಗೆ ಹೋಗಿ ಮೂರನೆಯ ಸಲ ಕೊಡುವುದು. ಹಳೆಯ ಎರಡು ಒಳಗೆ ಓಡುತ್ತಲೇ ಇರುತ್ತಿದ್ದವು. ಅದು ನಮಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಮಗೇನೂ ಆಗಬೇಕಿರಲಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ ಗಿರಿಜಮ್ಮನ ಪರದೆ ಸತ್ತು ಬೀಳುತ್ತಿತ್ತು. ಶೆಡ್ಡಿನ ಮುಂದೆ ಲಾರಿಗಳ ಸಾಲು, ಡ್ರೈವರುಗಳ ಬೈಗುಳ. ನಾವು ಗೇಟಿನಾಚೆ ಮಿರ್ಚಿ ಕಚ್ಚುತ್ತ ಆ ಬೈಗುಳ ಕೇಳಿ ನಗುತ್ತಿದ್ದೆವು.

ಇವರು ಬಂದ ಎರಡನೆಯ ವಾರ ನಾಲ್ಕು ಗಂಟೆಗೆ ಮಂಡಕ್ಕಿಗೆ ಬರಲಿಲ್ಲ. ಹಾಲಿನಲ್ಲಿ ಒಬ್ಬರೇ ಉಳಿದು ಪರದೆಯಿಂದ ಪರದೆಗೆ ನಡೆದು ನೋಡಿದರಂತೆ. ಆಮೇಲೆ ಅಂಗಳ ದಾಟಿ ಶೆಡ್ಡಿಗೆ ಹೋಗಿ ಗಿರಿಜಮ್ಮನ ಹಿಂದೆ ಇಪ್ಪತ್ತು ನಿಮಿಷ ನಿಂತಿದ್ದರಂತೆ. ಮಾರನೆಯ ದಿನದಿಂದ ನಮ್ಮ ಹಣೆಬರಹ ಬದಲಾಯಿತು. ಒಬ್ಬರು ಒಂದು ಸಲಕ್ಕೆ ಆರು ಕೆಲಸಕ್ಕಿಂತ ಹೆಚ್ಚು ನಡೆಸುವ ಹಾಗಿಲ್ಲ. ಒಂದು ಕೆಲಸ ಯಂತ್ರದ ಮೆದುಳನ್ನು ಇಂತಿಷ್ಟು ನಿಮಿಷಕ್ಕಿಂತ ಹೆಚ್ಚು ಹಿಡಿಯುವ ಹಾಗಿಲ್ಲ. ಒಂದು ಪಟ್ಟಿ ಇಂತಿಷ್ಟು ಗಾತ್ರ ದಾಟಿ ಬೆಳೆಯುವ ಹಾಗಿಲ್ಲ. ದಾಟಿದರೆ ಯಂತ್ರವೇ ಅದನ್ನು ಕೊಂದು, ಮಿತಿ ಮೀರಿತು ಎಂದು ಪರದೆಯ ಮೇಲೆ ಒಂದು ಸಾಲು ಬರೆಯುತ್ತಿತ್ತು. ಮೊದಲ ದಿನ ಆ ಸಾಲು ನೋಡಿ ಹಾಲು ಪೂರ್ತಿ ಎದ್ದು ನಿಂತಿತು. ಆ ಸಂಜೆ ಗಿರಿಜಮ್ಮನ ಲಾರಿಗಳು ಐದರೊಳಗೆ ಗೇಟು ದಾಟಿದವು; ಅದನ್ನು ಒಬ್ಬರೂ ನೋಡಲಿಲ್ಲ.

ನನ್ನ ಪಕ್ಕದ ಮೇಜಿನ ಹನುಮಂತಪ್ಪ ಎದ್ದುಹೋಗಿ ಕೇಳಿಯೇಬಿಟ್ಟ. "ಏನ್ರಿ ಸಾಹೇಬ್ರ, ಮಷಿನ್ನು ಕಂಪನೀದು, ಕರೆಂಟು ಕಂಪನೀದು. ನಿಮ್ದೇನು ಗಂಟು ಹೋಗ್ತೈತೆ?"

ಅವರು ಸಿಟ್ಟಾಗಲಿಲ್ಲ. "ಕೂಡ್ರಿ, ಹೇಳ್ತೀನಿ" ಎಂದರು. "ನಮ್ಮಪ್ಪ ಮಲೆಬೆನ್ನೂರ ಕಡೆ ನೀರಗಂಟಿ. ನಾಲೆ ತೂಬು ಎತ್ತೋದು, ಇಳ್ಸೋದು ಅವನ ಕೆಲಸ. ಮೇಲಿನ ಹೊಲದೋರು ತೂಬು ಪೂರ್ತಿ ಎತ್ತಿ ಮಲಗಿದ್ರೆ ಕೊನೇ ಹೊಲಕ್ಕೆ ಕೆಸರೂ ಹೋಗಲ್ಲ. ಮೇಲಿನೋರಿಗೆ ಅದು ಗೊತ್ತೇ ಆಗಲ್ಲ, ಯಾಕಂದ್ರೆ ಅವರು ಕೊನೇ ಹೊಲ ನೋಡೇ ಇರಲ್ಲ. ಇಲ್ಲಿ ಕೊನೇ ಹೊಲ ಯಾವ್ದು ಹೇಳ್ರಿ?"

ಹನುಮಂತಪ್ಪನಿಗೆ ಗಿರಿಜಮ್ಮ ನೆನಪಾಗಲಿಲ್ಲ. ಅವನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು. ಅವತ್ತಿನಿಂದ ಇವರು ನಮಗೆ ತೂಬಿನ ಸಾಹೇಬರು. ಎದುರಿಗೆ ಸಾಹೇಬರು, ಹಿಂದಿನಿಂದ ಬರೀ ತೂಬು. "ತೂಬು ಬಂತಾ?" "ತೂಬು ಇವತ್ತು ಎಣ್ಣೆ ಹಾಕ್ಕೊಂಡು ತಲೆ ಬಾಚೈತೆ." ಈ ಪಾಂಡಿತ್ಯದಲ್ಲಿ ನಾನೇ ಮುಂದು. ಇಪ್ಪತ್ತೆರಡು ವರ್ಷ ಬೇರೆಯವರ ಪತ್ರ ಟೈಪು ಮಾಡಿದವನಿಗೆ ಸ್ವಂತದ್ದೆಂದು ಇದ್ದದ್ದು ಈ ಕುಹಕ ಒಂದೇ.

ಅವರು ಸಾಕು ಎನ್ನುವ ರೀತಿ ನೋಡುವಂತಿತ್ತು. ಹೆಬ್ಬೆರಳು ತೋರುಬೆರಳು ಜೋಡಿಸಿ ಗಾಳಿಯಲ್ಲಿ ಮೇಲಿನಿಂದ ಕೆಳಗೆ ಇಳಿಸುವರು, ಕಬ್ಬಿಣದ ಹಲಗೆ ಇಳಿಸಿದ ಹಾಗೆ. ಚಹದ ಲೋಟ ಅರ್ಧವಾದೊಡನೆ ಮೇಲೆ ಅಂಗೈ ಮುಚ್ಚುವರು. ಹನುಮಂತಪ್ಪನ ಮನೆಯ ಗೃಹಪ್ರವೇಶಕ್ಕೆ ಬಂದಾಗ ಎರಡನೆಯ ಸಲ ಹೋಳಿಗೆ ತಂದವರಿಗೂ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು. ಹನುಮಂತಪ್ಪನ ಹೆಂಡತಿ "ರುಚಿ ಆಗ್ಲಿಲ್ಲೇನೋ" ಎಂದು ಮುಖ ಊದಿಸಿಕೊಂಡಳು. ಇನ್ನೊಮ್ಮೆ ದಾವಣಗೆರೆಯಲ್ಲಿ ಎಲ್ಲರೂ ಬೆಣ್ಣೆ ದೋಸೆಗೆ ಹೋಗಿದ್ದೆವು. ನಾವು ಒಬ್ಬೊಬ್ಬರೂ ಮೂರು ಹೊಡೆದೆವು. ಅವರು ಒಂದಕ್ಕೇ ಕೈ ತೊಳೆಯಲು ಎದ್ದರು. ನಾನು ಕೊಂಕು ತೆಗೆದೆ. "ಸಾಹೇಬ್ರ, ಹೊಟ್ಟೆಗೂ ಹಾರ್ಡ್ ಲಿಮಿಟ್ ಹಾಕೀರೇನ್ರಿ?"

"ಇಲ್ರಿ, ಇದು ಸಾಫ್ಟ್" ಎಂದರು. "ನೀವು ಕೊಡಿಸ್ತೀನಿ ಅಂದ್ರೆ ಇನ್ನೊಂದು ಹೋಗ್ತೈತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊಡಿಸಲಿಲ್ಲ.

ಆ ಸಾಫ್ಟು, ಹಾರ್ಡು ಏನೆಂದು ಅವರು ನಮಗೆ ಹಿಂದೆಯೇ ಹೇಳಿಕೊಟ್ಟಿದ್ದರು. ಮಿತಿಯಲ್ಲಿ ಎರಡು ಗೆರೆ. ಮೊದಲನೆಯದು ಮೆತ್ತಗಿನದು, ಅದನ್ನು ಅಗತ್ಯ ಬಿದ್ದರೆ ನಾವೇ ಒಂದಿಷ್ಟು ಮೇಲೆ ಸರಿಸಿಕೊಳ್ಳಬಹುದು. ಎರಡನೆಯದು ಗಟ್ಟಿ, ಅದನ್ನು ಏರಿಸಲು ಯಂತ್ರದ ಯಜಮಾನನ ಪಾಸ್‌ವರ್ಡು ಬೇಕು. ನಿಮಿಷದ ಲೆಕ್ಕದಲ್ಲಿ ಇನ್ನೂ ಒಂದು ಮಾತಿತ್ತು. "ಮೊದಲ್ನೇ ಗೆರೆ ಮುಟ್ಟಿದಾಗ ಯಂತ್ರ ಆ ಕೆಲಸಕ್ಕೆ ಒಂದು ಸೂಚನೆ ಕೊಡ್ತೈತೆ. ಬುದ್ಧಿವಂತ ಕೆಲಸ ಆದ್ರೆ ಅಷ್ಟಕ್ಕೇ ಎಲ್ಲ ಎತ್ತಿಟ್ಟು ಗೌರವದಿಂದ ಹೊರಗೆ ಬರ್ತೈತೆ. ಕೇಳಲಿಲ್ಲ ಅಂದ್ರೂ ಇನ್ನೊಂದಿಷ್ಟು ಟೈಮು ಇರ್ತೈತೆ. ಎರಡ್ನೇ ಗೆರೆಗೆ ಮಾತಿಲ್ಲ, ತೆಗೆದು ಹಾಕ್ತೈತೆ." ನಾನು ಇದನ್ನು ಕೇಳಿಸಿಕೊಳ್ಳುತ್ತಿರುವ ಹಾಗೆ ತಲೆಯಾಡಿಸುತ್ತ ಕಾಗದದ ಮೇಲೆ ತೂಬಿನ ಚಿತ್ರ ಬರೆಯುತ್ತಿದ್ದೆ.

ನನಗೆ ಸ್ವಂತದ್ದೊಂದು ವ್ಯಾಜ್ಯವೂ ಇತ್ತು. ಒಂದು ಗೇರ್ ಡಬ್ಬಿ ಕಟ್ಟಲು ಯಾವ ಯಾವ ಬಿಡಿಭಾಗ ಬೇಕು, ಆ ಬಿಡಿಭಾಗಕ್ಕೆ ಮತ್ತೆ ಏನೇನು ಬೇಕು ಎಂದು ಕೊನೆಯ ಬೋಲ್ಟಿನವರೆಗೆ ಇಳಿಸುವ ಪಟ್ಟಿ ನನ್ನ ಪಾಲಿನದು. ಸಾವಿರಾರು ನಂಬರುಗಳನ್ನು ನಾನೇ ಕೂತು ಹೊಡೆದಿದ್ದೆ. ಅದರಲ್ಲಿ ಒಂದು ಡಬ್ಬಿಯ ಪಟ್ಟಿ ಪ್ರತಿ ಸಲ ಗಾತ್ರದ ಮಿತಿ ಮೀರಿ ಸಾಯುತ್ತಿತ್ತು. ಅವರ ಬಳಿ ಹೋಗಿ "ನಿಮ್ಮ ತೂಬು ಎತ್ರಿ, ನನ್ನ ಕೆಲಸ ನಿಂತೈತೆ" ಎಂದೆ.

ಅವರು ಬಂದು ನನ್ನ ಹಿಂದೆ ನಿಂತು ನೋಡಿದರು. ಕರವಸ್ತ್ರದ ತುದಿಯಿಂದ ನನ್ನ ಪರದೆಯ ಧೂಳು ಒರೆಸಿದರು. ಅದು ನನಗೆ ಇನ್ನೂ ಉರಿಯಿತು. "ಬೇರೆ ಎಲ್ಲಾ ಡಬ್ಬಿ ಪಟ್ಟಿ ಇದರ ಕಾಲು ಭಾಗದಾಗ ಮುಗೀತಾವೆ" ಎಂದರು. "ಇದೊಂದೇ ಯಾಕ ಮುಗೀವಲ್ದು? ಮಿತಿ ಎತ್ತೋದು ಬ್ಯಾಡ್ರಿ. ನೀವು ಹೊಡೆದದ್ರಾಗೆ ಎಲ್ಲೋ ಒಂದು ಸಾಲು ತಪ್ಪೈತೆ. ನೋಡ್ರಿ ಒಂದ್ಸಲ."

"ನಾನು ಹೊಡೆದದ್ದು ತಪ್ಪೇನ್ರಿ? ನೀವು ಚಡ್ಡಿ ಹಾಕ್ಕೊಂಡು ಶಾಲೆಗೆ ಹೋಗ್ತಿದ್ದಾಗಿಂದ ಹೊಡೀತಾ ಇದೀನಿ."

"ಅದಕ್ಕೇ ನೀವೇ ನೋಡ್ರಿ ಅಂದೆ" ಎಂದರು, ಬಹಳ ಮೆತ್ತಗೆ. ನಾನು ನೋಡಲಿಲ್ಲ. ಹಾಲಿಗೆಲ್ಲ ಕೇಳುವಂತೆ "ನೀರಗಂಟಿ ಮಗನಿಗೆ ಹೊಲಾನೂ ಒಂದೇ, ಆಫೀಸೂ ಒಂದೇ" ಎಂದು ಕೂತೆ. ಅವರು ಗಾಜಿನ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹನುಮಂತಪ್ಪ ನನ್ನ ಬೆನ್ನು ತಟ್ಟಿದ. ಇಂಥ ಬೆನ್ನು ತಟ್ಟುವಿಕೆಗಾಗಿ ಮನುಷ್ಯ ಏನೇನು ಮಾಡುತ್ತಾನೆ!

ಅವರ ಪ್ರೊಬೇಷನ್ ಮುಗಿಯಲು ಒಂದು ತಿಂಗಳಿದ್ದಾಗ ಊರಿನಿಂದ ಅಪ್ಪನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಎರಡು ದಿನ ರಜೆ ಹಾಕಿದರು. ಹೊರಡುವ ಮುಂಚೆ ನನ್ನ ಮೇಜಿನ ಬಳಿ ಬಂದು ಅಂಟಿಸಿದ ಲಕೋಟೆಯೊಂದನ್ನು ಕೊಟ್ಟರು. "ಇದ್ರಾಗೆ ಯಜಮಾನನ ಪಾಸ್‌ವರ್ಡು ಐತೆ. ಯಂತ್ರ ಪೂರ್ತಿ ನಿಂತ್ರೆ ಮಾತ್ರ ಒಡೀರಿ, ಬೆಂಗ್ಳೂರಿಂದ ಬರೋ ಇಂಜಿನಿಯರಿಗೆ ಬೇಕಾಗ್ತೈತೆ. ನೀವು ಹಿರೇರು, ನಿಮ್ಮ ಹತ್ರ ಇರ್ಲಿ." ಹನುಮಂತಪ್ಪನಿಗೆ ಕೊಡಲಿಲ್ಲ, ಮ್ಯಾನೇಜರಿಗೂ ಕೊಡಲಿಲ್ಲ. ನನ್ನನ್ನು ನಂಬಿದರು. ಬುದ್ಧಿವಂತರು ಇಷ್ಟು ಪೆದ್ದರಾಗಿರಬಾರದು.

ಅವರ ರಜೆಯ ಮೊದಲ ದಿನ ಮೂರೂ ಮುಕ್ಕಾಲಿಗೆ ಹಾಲಿನಲ್ಲಿ ಹಬ್ಬದ ಕಳೆ. "ತೂಬು ಊರಿಗೆ ಹೋಗೈತೆ, ಹಲಗೆ ಎತ್ತೋ ಗಂಡ್ಸು ಯಾರೂ ಇಲ್ಲೇನ್ರಪ್ಪ?" ಎಂದು ಹನುಮಂತಪ್ಪ ಕೂಗಿದ. ನಾನು ಲಕೋಟೆ ಒಡೆದೆ. ನನ್ನ ಪರದೆಯಿಂದಲೇ ಯಜಮಾನನಾಗಿ ಒಳಗೆ ಹೋದೆ. ಗಾಜಿನ ಕೋಣೆಯ ಹಳೇ ಪ್ರಿಂಟರು ಟಕಟಕ ಎಂದು ಒಂದು ಸಾಲು ಹೊಡೆದು ಸುಮ್ಮನಾಯಿತು. ಯಾರು, ಯಾವ ಪರದೆಯಿಂದ, ಎಷ್ಟು ಗಂಟೆಗೆ ಯಜಮಾನನಾದರು ಎಂದು ಕಾಗದದ ಮೇಲೆ ದಾಖಲಾಗಲಿ ಎಂದು ಅವರು ಮಾಡಿಟ್ಟಿದ್ದ ಏರ್ಪಾಡು ಅದು. ಎಲ್ಲರೂ ಲಾಗಿನ್ ಆಗುವಾಗ ಯಂತ್ರ ಓದುವ, ಅವರೇ ಒಮ್ಮೆ ನಮಗೆ ತೋರಿಸಿದ್ದ ಕಡತದಲ್ಲಿ ಅವರ ಮಿತಿಯ ಸಾಲುಗಳು ಮೂರು. ಮೂರನ್ನೂ ಅಳಿಸಿದೆ. ಎಲ್ಲರೂ ಹೊರಗೆ ಬಂದು ಮತ್ತೆ ಒಳಗೆ ಹೋದರು. ಹನುಮಂತಪ್ಪ ಒಟ್ಟಿಗೆ ಹತ್ತು ಪಟ್ಟಿ ಕೊಟ್ಟ. ನಾನು ನನ್ನ ಆ ಸಾಯುವ ಡಬ್ಬಿಯ ಪಟ್ಟಿ ಕೊಟ್ಟೆ. ಕಾರ್ಖಾನೆ ಗೆದ್ದವರ ಹಾಗೆ ಮಿರ್ಚಿ ತಿನ್ನಲು ಹೋದೆವು.

ಬಂದು ನೋಡಿದರೆ ಹನ್ನೊಂದು ಪರದೆಯೂ ಕಲ್ಲು. ಒಂದಕ್ಷರ ಮೂಡದು. ನನ್ನ ಪಟ್ಟಿ ಮುಗಿದಿರಲಿಲ್ಲ. ಬೆಳೆದು ಬೆಳೆದು ಯಂತ್ರದ ಜಾಗವನ್ನೆಲ್ಲ ತಿಂದು ಮುಗಿಸಿತ್ತು. ಉಳಿದವರ ಕೆಲಸಗಳು ಬರೆಯಲು ಜಾಗವಿಲ್ಲದೆ ಅರ್ಧಕ್ಕೇ ಸಿಕ್ಕಿಕೊಂಡಿದ್ದವು. ಇದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಕಂಡದ್ದು ಅಂಗಳದಲ್ಲಿ ಸೆರಗು ಸಿಕ್ಕಿಸಿಕೊಂಡು ಓಡಿಬರುತ್ತಿದ್ದ ಗಿರಿಜಮ್ಮ. ಬಾಗಿಲಲ್ಲಿ ನಿಂತು ಏದುಸಿರಿನಲ್ಲಿ ಹಾಲನ್ನೆಲ್ಲ ಒಮ್ಮೆ ನೋಡಿದಳು.

"ತೂಬು ಯಾರ್ ಎತ್ತಿದ್ರಿ?"

ಹನ್ನೊಂದು ಜನ. ಎಲ್ಲರೂ ತಮ್ಮ ತಮ್ಮ ಕೀಬೋರ್ಡು ನೋಡಿದೆವು. ಹನುಮಂತಪ್ಪ ಹಲ್ಲಿನ ಸಂದಿನ ಮೆಣಸಿನಕಾಯಿ ತೆಗೆಯುತ್ತಿದ್ದ.

ನನಗೆ ದಿಗಿಲಾಯಿತು. ಗಾಜಿನ ಕೋಣೆಗೆ ಹೋಗಿ, ಉಪಾಯ ತೋಚದೆ, ಫ್ಯಾನು ಆರಿಸಿದ ಹಾಗೆ ಯಂತ್ರದ ಮುಖ್ಯ ಸ್ವಿಚ್ಚನ್ನೇ ಆರಿಸಿಬಿಟ್ಟೆ. ಬರುವಾಗ ಪ್ರಿಂಟರಿನಿಂದ ಆ ಒಂದು ಸಾಲಿನ ಹಾಳೆ ಹರಿದು ಜೇಬಿಗೆ ಹಾಕಿಕೊಂಡೆ. ಲಕೋಟೆಗೆ ಡಿಸ್ಪ್ಯಾಚಿನ ಗೋಂದು ಹಚ್ಚಿ ಮತ್ತೆ ಅಂಟಿಸಿದೆ. ನನ್ನ ಕೈ ಅಷ್ಟು ಚುರುಕಾಗಿ ಯಾವ ಒಳ್ಳೆಯ ಕೆಲಸಕ್ಕೂ ಓಡಿದ್ದು ನೆನಪಿಲ್ಲ.

ಯಂತ್ರ ಮತ್ತೆ ಏಳಲಿಲ್ಲ. ಬೆಂಗಳೂರಿನಿಂದ ಇಂಜಿನಿಯರು ಬಂದು ಹಳೆಯ ಟೇಪಿನಿಂದ ಎಲ್ಲವನ್ನೂ ಹೊಸದಾಗಿ ತುಂಬಿದ. ಅದಕ್ಕೆ ಹಿಂದಿನ ಒಂದು ವಾರ ಹನ್ನೆರಡು ಜನ ಹೊಡೆದ ಕೆಲಸ ಪೂರ್ತಿ ಹೋಯಿತು. ಜೋಡಣೆಯ ಶೆಡ್ಡು ಎರಡು ದಿನ ನಿಂತಿತು. ಟೇಪಿನಿಂದ ಬಂದ ಕಡತದಲ್ಲಿ ಅವರ ಮೂರು ಸಾಲುಗಳು ಮೊದಲಿನ ಹಾಗೆಯೇ ಕುಳಿತಿದ್ದವು. ಅಂದರೆ ನಾನು ಅಳಿಸಿದ್ದಕ್ಕೆ ಗುರುತೇ ಇಲ್ಲ. ಮ್ಯಾನೇಜರು ಹಾಲಿನ ನಡುವೆ ನಿಂತು, ಆಗಷ್ಟೇ ಊರಿನಿಂದ ಬಂದವರನ್ನು ಕೇಳಿದರು. "ಇಷ್ಟೆಲ್ಲ ತೂಬು, ಬಾಗ್ಲು ಅಂತ ಜನಾನ ಕಾಡಿದ್ರಿ. ಆದ್ರೂ ಒಡೀತಲ್ರಿ ಕಟ್ಟೆ. ಇದಕ್ಕೇನಂತೀರಿ?" ಅವರು ನಮ್ಮ ಹನ್ನೊಂದು ಮುಖಗಳನ್ನು ನಿಧಾನಕ್ಕೆ ನೋಡಿ, "ನೋಡಿ ಹೇಳ್ತೀನಿ ಸರ್" ಎಂದರು.

ಅದು ಬುಧವಾರ. ಗುರುವಾರ ನಾಲ್ಕು ಗಂಟೆಗೆ ಅವರು ನನ್ನ ಮೇಜಿಗೆ ಬಂದು ಮಂಡಕ್ಕಿಯ ಪೊಟ್ಟಣ ಬಿಚ್ಚಿ ಅರ್ಧ ನನ್ನ ಮುಂದೆ ಸುರಿದರು. ಹಿಂದೆಂದೂ ಹಾಗೆ ಮಾಡಿದವರಲ್ಲ. ಸ್ವಲ್ಪ ಹೊತ್ತು ಇಬ್ಬರೂ ತಿಂದೆವು. "ಏನಾದ್ರೂ ಹೇಳೋದೈತೇನ್ರಿ?" ಎಂದರು. "ಏನೈತ್ರಿ ನನ್ಹತ್ರ ಹೇಳೋಕೆ?" ಎಂದೆ.

ಶುಕ್ರವಾರ ಬಂದು ಲಕೋಟೆ ಕೇಳಿದರು. ಕೊಟ್ಟೆ. ತಿರುಗಿಸಿ ಅಂಟಿನ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ಜೇಬಿಗಿಟ್ಟುಕೊಂಡರು. "ಏನಾದ್ರೂ ಹೇಳೋದೈತೇನ್ರಿ?" "ಇಲ್ರಿ."

ಶನಿವಾರ ಕಂಪನಿ ಬಸ್ಸು ಹೊರಡುವ ಮುಂಚೆ ಬಸ್ಸಿನ ಕಿಟಕಿಯ ಕೆಳಗೆ ಬಂದು ನಿಂತರು. ಅವರು ಹರಿಹರದಲ್ಲೇ ಇರುವವರು. ಬಸ್ಸಿನ ಬಳಿ ಅವರಿಗೆ ಕೆಲಸವಿರಲಿಲ್ಲ. ಮುಖ ಮೇಲೆತ್ತಿ ಮೂರನೆಯ ಸಲ ಅದೇ ಮಾತು ಕೇಳಿದರು. ನಾನು ಡ್ರೈವರನ ಕಡೆ ನೋಡುತ್ತ "ಟೈಮಾತು, ಬಿಡಪ್ಪ ಗಾಡಿ" ಎಂದೆ. ಬಸ್ಸು ಅಲುಗಿತು. ಹಿಂತಿರುಗಿ ನೋಡಿದಾಗ ಎರಡು ಬೆರಳು ಜೋಡಿಸಿ ಕೆಳಗಿಳಿಸುತ್ತಿದ್ದರು. ಟಾಟಾ ಮಾಡುವುದೂ ಬರದ ಮನುಷ್ಯ ಎಂದು ಹನುಮಂತಪ್ಪನಿಗೆ ಹೇಳಿ ನಕ್ಕೆ.

ಸೋಮವಾರ ಅವರ ಮೇಜು ಖಾಲಿ. ಪ್ರೊಬೇಷನ್ ತೃಪ್ತಿಕರವಾಗಿಲ್ಲ ಎಂಬ ಪತ್ರ. ಆ ಪತ್ರವನ್ನು ಟೈಪು ಮಾಡಿದ್ದು ನಾನಲ್ಲ. ಕಂಪ್ಯೂಟರಿನಲ್ಲಿ ಬೇರೆ ಯಾರೋ ಹೊಡೆದರು. ಇದನ್ನೇ ದೊಡ್ಡ ಪುಣ್ಯವೆಂದು ಎಷ್ಟೋ ವರ್ಷ ಅಂದುಕೊಂಡಿದ್ದೆ.

ಅವರ ಕುರ್ಚಿ ನನಗೆ ಬಂತು. ಮೇಲ್ವಿಚಾರಕ ಎಂಬ ಹೆಸರೂ ಬಂತು. ಮೊದಲ ಕೆಲಸವೇ ಮಿತಿಗಳನ್ನು ಕಿತ್ತು ಹಾಕಿದ್ದು. ಹಾಲು ಚಪ್ಪಾಳೆ ತಟ್ಟಿತು. ಎರಡೇ ವಾರದಲ್ಲಿ ಯಂತ್ರ ಮೂರು ಸಲ ಮಲಗಿತು. ಬೆವರುತ್ತ ಅವರ ಮೇಜಿನ ಡ್ರಾಯರ್ ತಡಕಿದಾಗ ಒಂದು ನೋಟ್‌ಬುಕ್ಕು ಸಿಕ್ಕಿತು. ದುಂಡನೆಯ ಕನ್ನಡ ಅಕ್ಷರದಲ್ಲಿ ಎಲ್ಲರ ಮಿತಿಗಳು. ನಮಗೆಲ್ಲ ಆರಾರು ಕೆಲಸ. ಗಿರಿಜಮ್ಮನಿಗೆ ಎಂಟು. ಕಡೆಯಲ್ಲಿ ತಮ್ಮ ಹೆಸರು, ಅದರ ಮುಂದೆ ಮೂರು. ಹನುಮಂತಪ್ಪನೂ ನಾನೂ "ತನಗೆ ಮಾತ್ರ ಬೇಕಾದಷ್ಟು ಇಟ್ಟುಕೊಂಡೈತೆ ತೂಬು" ಎಂದು ಒಂದು ವರ್ಷ ಆಡಿಕೊಂಡಿದ್ದೆವು.

ಅದೇ ನೋಟ್‌ಬುಕ್ಕಿನ ಇನ್ನೊಂದು ಹಾಳೆಯಲ್ಲಿ ನನ್ನ ಸಾಯುವ ಪಟ್ಟಿಯ ಬಗ್ಗೆ ಎರಡು ಸಾಲು ಇತ್ತು. ಆ ಡಬ್ಬಿಯ ಬಿಡಿಭಾಗಗಳಲ್ಲಿ ಒಂದರ ಜಾಗಕ್ಕೆ ನಾನು ಆ ಡಬ್ಬಿಯದೇ ನಂಬರು ಹೊಡೆದಿದ್ದೆ. ಡಬ್ಬಿಯೊಳಗೆ ಅದೇ ಡಬ್ಬಿ, ಅದರೊಳಗೆ ಮತ್ತೆ ಅದೇ ಡಬ್ಬಿ. ಯಂತ್ರ ಒಂದೊಂದನ್ನೇ ಬಿಚ್ಚುತ್ತ ಬರೆಯುತ್ತ ಹೋದರೆ ಪ್ರಳಯದವರೆಗೂ ಮುಗಿಯದು. ಕೆಳಗೆ ಬರೆದಿದ್ದರು: "ಅವರೇ ಹುಡುಕಲಿ. ಹಿರಿಯರು. ಎಲ್ಲರ ಮುಂದೆ ಹೇಳುವುದು ಬೇಡ."

ಆ ಹಾಳೆ ಓದಿ ನಾನು ಮಾಡಿದ್ದು ಹೇಳುತ್ತೇನೆ. ನಂಬರು ತಿದ್ದಿದೆ. ಅವರ ಮಿತಿಗಳನ್ನೆಲ್ಲ ಇದ್ದದ್ದು ಇದ್ದ ಹಾಗೆ ಮತ್ತೆ ಹಾಕಿದೆ. ಹಾಲಿನಲ್ಲಿ "ನಾನೇ ಯೋಚನೆ ಮಾಡಿ ಮಾಡಿದೀನಿ" ಎಂದೆ. ಈ ಸಲ ಯಾರೂ ಗೊಣಗಲಿಲ್ಲ, ನಾನು ಅವರವನೇ ಆದ್ದರಿಂದ. ನಿವೃತ್ತಿಯ ದಿನ ಶಾಲು ಹೊದಿಸಿ, ಕಂಪ್ಯೂಟರ್ ವಿಭಾಗಕ್ಕೆ ಶಿಸ್ತು ತಂದವರು ಎಂದು ಭಾಷಣ ಮಾಡಿದರು. ತಲೆ ಬಾಗಿಸಿ ಕೇಳಿಸಿಕೊಂಡೆ. ವಿನಯ ಎಂದುಕೊಂಡರು.

ಅವರು ಊರಿಗೆ ಹೋಗಿ ಒಂದು ಕಂಪ್ಯೂಟರ್ ಕ್ಲಾಸು ಇಟ್ಟರೆಂದು ಕೇಳಿದ್ದೆ. ಒಮ್ಮೆ ಹರಿಹರ ಬಸ್ ಸ್ಟ್ಯಾಂಡಿನಲ್ಲಿ ದೂರದಿಂದ ನೋಡಿ ಕೈಯೆತ್ತಿದರು. ನಾನು ಕಂಬದ ಹಿಂದೆ ಸರಿದು, ಮಲೆಬೆನ್ನೂರಿನ ಬಸ್ಸು ಹೋಗುವವರೆಗೂ ಅಲ್ಲೇ ನಿಂತಿದ್ದೆ.

ಆರಾಧನೆಗೆ ಹೋದೆ. ಯಾಕೆ ಹೋದೆನೋ ತಿಳಿಯದು. ಕಾರ್ಡು ಬಂದಿತ್ತು, ಹೋದೆ. ಶಾಮಿಯಾನ ತುಂಬ ಅವರ ಬಳಿ ಕಲಿತ ಮಕ್ಕಳು, ಈಗ ತಲೆ ನರೆತವರು. ಒಬ್ಬೊಬ್ಬರೇ ಎದ್ದು ಮೈಕಿನಲ್ಲಿ ನಾಲ್ಕು ಮಾತು ಹೇಳುತ್ತಿದ್ದರು. ನನ್ನ ಪಕ್ಕದ ಕುರ್ಚಿಗೆ ಕೋಲೂರಿಕೊಂಡು ಬಂದು ಕುಳಿತವರು ನಮ್ಮ ಹಳೇ ಮ್ಯಾನೇಜರು. ಎಂಬತ್ತು ದಾಟಿದೆ. ಅವರ ಮೊಮ್ಮಗನೂ ಇಲ್ಲಿ ಕಲಿತವನಂತೆ. ನನ್ನ ಗುರುತು ಹಿಡಿದು ತೊಡೆ ತಟ್ಟಿದರು.

"ಅಲ್ಲಪಾ, ನೀನು ಬರ್ತೀ ಅಂದ್ಕೊಂಡಿರ್ಲಿಲ್ಲ. ಗಟ್ಟಿ ಮನುಷ್ಯ ನೀನು. ಅವತ್ತು ಮೂರು ದಿನ ಕಾದೆ ನೋಡು, ಬಾಯಿ ಬಿಡ್ಲೇ ಇಲ್ಲ!"

"ಏನು ಸರ್?"

"ಪ್ರಿಂಟರ್ ಕಾಗದ ಹರ್ಕೊಂಡಿ. ಅದು ಎರಡು ಪದರದ ಕಾಗದ ಕಣೋ, ನಡುವೆ ಕಾರ್ಬನ್ನು. ಮೇಲಿಂದು ನಿನ್ ಕೈಗೆ ಬಂತು, ಕೆಳಗಿಂದು ಪೆಟ್ಟಿಗೇಲೇ ಉಳೀತು. ನಿನ್ ಹೆಸರು, ನಿನ್ ಪರದೆ, ಟೈಮು. ಅವನು ತಂದು ನನ್ನ ಟೇಬಲ್ ಮ್ಯಾಲಿಟ್ಟ."

ಇಪ್ಪತ್ತೆರಡು ವರ್ಷ ಕಾರ್ಬನ್ ಇಟ್ಟು ಬಡಿದ ಕೈ ಇದು.

"ನಾನು ಅವನಿಗೆ ಅಂದೆ," ಮ್ಯಾನೇಜರು ಬೊಚ್ಚುಬಾಯಿಯಲ್ಲಿ ನಗುತ್ತ ಹೇಳಿದರು, "ಒಂದು ಸಾಲಿನ ಕಾಗದ ಹಿಡ್ಕೊಂಡು ಹಳೇ ಮನುಷ್ಯನ್ನ ಕರೆದು ಕೇಳಿದ್ರೆ ಯೂನಿಯನ್ನೋರು ನನ್ನ ಬಿಡ್ತಾರಾ? ಅವನೇ ಬಂದು ಹೇಳಿದ್ರೆ ನಿನ್ನ ಕಾಯಂ ಫೈಲಿಗೆ ಅವತ್ತೇ ಸೈನ್. ಶನಿವಾರ ಸಂಜೆವರೆಗೆ ಟೈಮು. ನೀನೂ ಹೋಗಿ ಜಗಳ ತೆಗೀಬ್ಯಾಡ ಅಂದೆ."

"ಅವರು ಏನಂದ್ರು?"

"'ಹೇಳ್ತಾರೆ ಸರ್, ಹಿರೇರು' ಅಂದ. ಎಷ್ಟು ನಂಬಿಕೆ ನೋಡು!" ಎಂದು ಮತ್ತೆ ತೊಡೆ ತಟ್ಟಿದರು.

ಮಂಡಕ್ಕಿಯ ಪೊಟ್ಟಣ. ಲಕೋಟೆಯ ಮೇಲೆ ಆಡಿದ ಹೆಬ್ಬೆರಳು. ಬಸ್ಸಿನ ಕಿಟಕಿಯ ಕೆಳಗೆ ಮೇಲೆತ್ತಿದ ಮುಖ. ಮೂರು ಸಲ ಸೂಚನೆ ಕೊಟ್ಟಿದ್ದರು. ಗಟ್ಟಿ ಗೆರೆಗೆ ಇನ್ನೂ ಸಮಯವಿತ್ತು.

ಅಷ್ಟರಲ್ಲಿ ಅವರ ಮಗಳು ಮೈಕು ಹಿಡಿದುಕೊಂಡು ಸಾಲಿನ ನಡುವೆ ಬಂದಳು. ಅಪ್ಪನ ಮುಖವೇ. ನನ್ನ ಮುಂದೆ ನಿಂತು ಬಾಗಿ ಕೇಳಿದಳು. "ನೀವು ಅಪ್ಪಾಜಿ ಜೊತೆ ಹರಿಹರದಾಗ ಕೆಲಸ ಮಾಡಿದೋರಂತೆ. ನಿಮ್ಮ ಹೆಸರು ಅವರ ಪಟ್ಟೀಲಿತ್ತು, ಅದಕ್ಕೇ ಕಾರ್ಡು ಹಾಕಿದ್ವಿ. ಏನಾದ್ರೂ ಹೇಳೋದೈತೇನ್ರಿ?"

ಮೈಕು ನನ್ನ ಗದ್ದಕ್ಕೆ ತಾಗುವಷ್ಟು ಹತ್ತಿರವಿತ್ತು. ಶಾಮಿಯಾನದ ಜನವೆಲ್ಲ ನನ್ನ ಕಡೆ ತಿರುಗಿದ್ದರು. ಮ್ಯಾನೇಜರು ಕುತೂಹಲದಿಂದ ನನ್ನ ಬಾಯನ್ನೇ ನೋಡುತ್ತಿದ್ದರು.

"ಇಲ್ಲಮ್ಮ" ಎಂದೆ. "ಏನೂ ಇಲ್ಲ."

ಆಮೇಲೆ ಊಟಕ್ಕೆ ಎದ್ದೆವು. ಗೋಧಿ ಹುಗ್ಗಿ ಚೆನ್ನಾಗಿತ್ತು. ಆಕೆಯೇ ಬಡಿಸುತ್ತ ಬಂದಳು. ಎರಡನೆಯ ಸಲ ಬಂದಾಗಲೂ ನಾನು ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ.